6 ವ್ಯಾಟ್ ಎಂದು ತಂದ ಮದರ್‌ಬೋರ್ಡ್ 34 ವ್ಯಾಟ್ ಎಳೆಯುತ್ತಿದೆ: ಯಾವುದಕ್ಕೆ ಬದಲಾಯಿಸಲಿ?

ತುಂಗಾತೀರ
ರೋಸಿಹೋಗಿದ್ದೇನೆ. ಟಿವಿಯ ಪಕ್ಕದಲ್ಲಿಡಲು ಒಂದು ಪುಟ್ಟ ಕಂಪ್ಯೂಟರ್ ಜೋಡಿಸಿಕೊಂಡೆ. ಕರೆಂಟ್ ಕಡಿಮೆ ಎಳೆಯಬೇಕು, ಫ್ಯಾನಿನ ಸದ್ದು ಇರಬಾರದು ಎಂಬ ಎರಡೇ ಕಾರಣಕ್ಕೆ ಇಂಟೆಲ್ ಎನ್100 ಚಿಪ್ ಇರುವ, ಮಿನಿ ಐಟಿಎಕ್ಸ್ ಎಂಬ ಸಣ್ಣ ಅಳತೆಯ ಬೋರ್ಡ್ ತರಿಸಿದೆ. ಎಲ್ಲಿ ನೋಡಿದರೂ 6 ವ್ಯಾಟ್ ಎಂದೇ ಬರೆದಿದ್ದಾರೆ. ಪ್ಲಗ್ಗಿಗೆ ವ್ಯಾಟ್ ಮೀಟರ್ ಹಾಕಿದರೆ, ಏನೂ ಓಡದೆ ಸುಮ್ಮನೆ ಇರುವಾಗಲೇ 34 ವ್ಯಾಟ್! ಸಂಜೆ ಕರೆಂಟ್ ಹೋದರೂ ಯುಪಿಎಸ್ ಮೇಲೆ ಸಿನಿಮಾ ಮುಗಿಸಬಹುದು ಎಂಬ ಆಸೆಯಿಂದ ಮಾಡಿದ ಕೆಲಸ ಇದು. ಸಾಲದ್ದಕ್ಕೆ 4ಕೆ ವಿಡಿಯೊ ತಡವರಿಸುತ್ತದೆ. ಕ್ರಿಕೆಟ್ ನೋಡಿದರೆ ಚೆಂಡು ಬಿಟ್ಟು ಬಿಟ್ಟು ಹಾರುತ್ತದೆ.

ಜೋಡಣೆಯೆಲ್ಲ ಸರಿಯಾಗಿಯೇ ಇದೆ, ರ್‍ಯಾಮ್ 8 ಜಿಬಿ. ಇದನ್ನು ಮಾರಿ ಯಾವ ಬೋರ್ಡ್ ಕೊಳ್ಳಲಿ? ಇಂಟೆಲ್ ಜೆ5005 ಚಿಪ್ ಇರುವ ಹಳೆಯದೊಂದು ಅಗ್ಗಕ್ಕೆ ಸಿಗುತ್ತಿದೆ.

ಜೋಡಿಚಾನೆಲ್
ತಡವರಿಕೆಗೆ ಕಾರಣ ರ್‍ಯಾಮ್. ಎನ್100ಗೆ ಮೆಮೊರಿ ಚಾನೆಲ್ ಒಂದೇ. ಗ್ರಾಫಿಕ್ಸ್‌ಗೂ ಪ್ರೊಸೆಸರ್‌ಗೂ ಅದೇ ದಾರಿ. ನಿಮ್ಮದು ಎಷ್ಟು ವೇಗದ ರ್‍ಯಾಮ್? 2400 ಹಾಕಿದ್ದರೆ 3200 ಹಾಕಿ ನೋಡಿ.

ಎಎಂ4ಅಭಿಮಾನಿ
ಎನ್100 ಬಿಡಿ. ನಾನು ರೈಜನ್ 5600ಜಿ ಪ್ರೊಸೆಸರ್ ಹಾಕಿದ್ದೇನೆ, ಬಿ550 ಬೋರ್ಡ್, ಜೊತೆಗೆ ಒಳ್ಳೆಯ ಎಸ್‌ಎಂಪಿಎಸ್ (ಕಂಪ್ಯೂಟರಿಗೆ ಕರೆಂಟ್ ಕೊಡುವ ಪೆಟ್ಟಿಗೆ). ಸುಮ್ಮನಿರುವಾಗ 20 ವ್ಯಾಟ್ ಆಸುಪಾಸು. ಬೇಕೆಂದಾಗ ಆರು ಕೋರ್‌ಗಳ ಶಕ್ತಿ. ಸಿನಿಮಾ ನೋಡುತ್ತಲೇ ಹಿನ್ನೆಲೆಯಲ್ಲಿ ಫೋಟೊಗಳ ಬ್ಯಾಕಪ್ ನಡೆಯುತ್ತದೆ, ಮಗಳು ಅದರಲ್ಲೇ ಆಟವನ್ನೂ ಆಡುತ್ತಾಳೆ. ಎಕ್ಸ್570 ಬೋರ್ಡ್ ಮಾತ್ರ ತೆಗೆದುಕೊಳ್ಳಬೇಡಿ. ಅದರ ಚಿಪ್‌ಸೆಟ್ ಒಂದೇ ಹತ್ತು ವ್ಯಾಟ್‌ಗಿಂತ ಹೆಚ್ಚು ಶಾಖ ಬಿಡುತ್ತದೆ.

ಮೌನಪೆಟ್ಟಿಗೆ
ಎಎಂ4ಅಭಿಮಾನಿ ಅವರೇ, 5600ಜಿಯಲ್ಲಿ ಎವಿ1 ಎಂಬ ಹೊಸ ರೀತಿಯಲ್ಲಿ ಅಡಕಿಸಿದ ವಿಡಿಯೊ ಬಿಡಿಸುವ ಹಾರ್ಡ್‌ವೇರ್ ಇಲ್ಲ. ಯೂಟ್ಯೂಬ್ ಈಗ ಬಹಳಷ್ಟು ವಿಡಿಯೊಗಳನ್ನು ಎವಿ1ನಲ್ಲೇ ಕಳಿಸುತ್ತದೆ. ಆಗ ಆ ಭಾರವೆಲ್ಲ ಪ್ರೊಸೆಸರ್ ಮೇಲೆ ಬೀಳುತ್ತದೆ. ಟಿವಿ ಪಕ್ಕದ ಪೆಟ್ಟಿಗೆಗೆ ಕೋರ್‌ಗಳ ಎಣಿಕೆಗಿಂತ ಇದು ಮುಖ್ಯ.

ತುಂಗಾತೀರ ಅವರೇ, ಜೆ5005 ಖಂಡಿತ ಬೇಡ. ಅದರಲ್ಲೂ ಎವಿ1 ಇಲ್ಲ. ಅದರ ನಂತರ ಬಂದ ಎನ್5105ನಲ್ಲೂ ಇಲ್ಲ. ಈ ಸಾಲಿನ ಅಗ್ಗದ ಚಿಪ್‌ಗಳಲ್ಲಿ ಎವಿ1 ಬಂದಿದ್ದೇ 2023ರ ಎನ್100 ಪೀಳಿಗೆಯಿಂದ. ನಿಮ್ಮ ಕೈಯಲ್ಲಿರುವುದು ಸರಿಯಾದ ಬೋರ್ಡ್. ಇನ್ನು 6 ವ್ಯಾಟ್ ಎಂಬುದು ಚಿಪ್ಪಿನ ಶಾಖದ ಲೆಕ್ಕ, ಇಡೀ ಪೆಟ್ಟಿಗೆ ಎಳೆಯುವ ಕರೆಂಟಿನದ್ದಲ್ಲ. ಆದರೂ 34 ತೀರಾ ಹೆಚ್ಚಾಯಿತು. ಎಸ್‌ಎಂಪಿಎಸ್ ಯಾವುದು? ಹಾರ್ಡ್ ಡಿಸ್ಕ್ ಎಷ್ಟಿವೆ? ಎಚ್‌ಡಿಎಂಐ ಕೇಬಲ್ ನೇರವಾಗಿ ಟಿವಿಗೆ ಹೋಗುತ್ತದೆಯೇ? ವಿಂಡೋಸ್ ಇದೆಯೇ, ಲಿನಕ್ಸ್ ಇದೆಯೇ? ಇವು ಯಾವುವನ್ನೂ ನೀವು ಬರೆದಿಲ್ಲ.

ತುಂಗಾತೀರ
ಎಸ್‌ಎಂಪಿಎಸ್ ಮಾಮೂಲಿಯದೇ, ಹಳೆಯ ಕ್ಯಾಬಿನೆಟ್‌ನಲ್ಲಿದ್ದ 550 ವ್ಯಾಟ್‌ನದು. ಅದಕ್ಕೂ ಬೋರ್ಡ್‌ಗೂ ಏನು ಸಂಬಂಧ? ಎರಡು 3.5 ಇಂಚಿನ ಡಿಸ್ಕ್, ಒಂದು ಎಸ್‌ಎಸ್‌ಡಿ. ವಿಂಡೋಸ್ 11. ಎಚ್‌ಡಿಎಂಐ ಎಲ್ಲರ ಮನೆಯಲ್ಲಿರುವಂತೆ ರಿಸೀವರ್ (ಸ್ಪೀಕರ್‌ಗಳಿಗೆ ಧ್ವನಿ ಕೊಡುವ ಪೆಟ್ಟಿಗೆ) ಮೂಲಕ ಟಿವಿಗೆ.

ಜೋಡಿಚಾನೆಲ್
ರ್‍ಯಾಮ್ ವೇಗ ಇನ್ನೂ ಹೇಳಿಲ್ಲ.

ಮೌನಪೆಟ್ಟಿಗೆ
ಸಂಬಂಧ ಇದೆ. ಎಸ್‌ಎಂಪಿಎಸ್ ಎಷ್ಟು ಕಡಿಮೆ ಕರೆಂಟ್ ಪೋಲು ಮಾಡುತ್ತದೆ ಎಂದು ಹೇಳುವ 80 ಪ್ಲಸ್ ಚಿನ್ನ, ಬೆಳ್ಳಿ, ಕಂಚು ಎಂಬ ಮುದ್ರೆಗಳನ್ನೆಲ್ಲ 20, 50 ಮತ್ತು 100 ಶೇಕಡಾ ಭಾರದಲ್ಲಿ ಅಳೆದು ಕೊಡುತ್ತಾರೆ. 550ರ ಶೇಕಡಾ 20 ಎಂದರೆ 110 ವ್ಯಾಟ್. ನಿಮ್ಮ ಪೆಟ್ಟಿಗೆ ಅದರ ಮೂರನೇ ಒಂದು ಭಾಗವನ್ನೂ ಮುಟ್ಟುವುದಿಲ್ಲ. ಅಷ್ಟು ಕಡಿಮೆ ಭಾರದಲ್ಲಿ ಹಳೆಯ ಎಸ್‌ಎಂಪಿಎಸ್ ತನ್ನ ಹೊಟ್ಟೆಗೇ ಹತ್ತು ವ್ಯಾಟ್ ಹಾಕಿಕೊಂಡರೂ ಆಶ್ಚರ್ಯವಿಲ್ಲ. ಸುತ್ತುತ್ತಿರುವ 3.5 ಇಂಚಿನ ಡಿಸ್ಕ್ ಒಂದೊಂದೂ ಸುಮಾರು 4-5 ವ್ಯಾಟ್.

ಹೀಗೆ ಮಾಡಿ. ಮೀಟರ್ ಪ್ಲಗ್ಗಿನಲ್ಲೇ ಇರಲಿ. ಪ್ರತಿ ಸಲ ಪೂರ್ತಿ ಆಫ್ ಮಾಡಿ, ಮೊದಲು ಎರಡೂ ಡಿಸ್ಕ್ ತೆಗೆದು ಅಳೆಯಿರಿ. ಆಮೇಲೆ ಎಸ್‌ಎಂಪಿಎಸ್ ಬದಲು 12 ವೋಲ್ಟ್ ಅಡಾಪ್ಟರ್ ಮತ್ತು ಮದರ್‌ಬೋರ್ಡಿನ 24 ಪಿನ್ ಕಿಂಡಿಗೆ ನೇರವಾಗಿ ಕೂತು ಕರೆಂಟ್ ಹಂಚುವ ಪಿಕೊ ಮಾದರಿಯ ಸಣ್ಣ ಬೋರ್ಡ್ ಹಾಕಿ ಅಳೆಯಿರಿ. ಕೊನೆಗೆ ಬಯೋಸ್‌ನಲ್ಲಿ (ಬೋರ್ಡಿನದೇ ಸೆಟ್ಟಿಂಗ್ ಪುಟ) ಪ್ಯಾಕೇಜ್ ಸಿ-ಸ್ಟೇಟ್ ಮತ್ತು ಎಎಸ್‌ಪಿಎಂ ಎಂಬ ಕರೆಂಟ್ ಉಳಿಸುವ ಸೆಟ್ಟಿಂಗ್‌ಗಳನ್ನು ಆನ್ ಮಾಡಿ. ಬಹಳಷ್ಟು ಬೋರ್ಡ್‌ಗಳಲ್ಲಿ ಇವು ಆಫ್ ಆಗಿಯೇ ಬಂದಿರುತ್ತವೆ.

ಹೊನ್ನಾವರ_ಆಡಿಯೊ
12 ವೋಲ್ಟ್ 5 ಆಂಪಿಯರ್ ಅಡಾಪ್ಟರ್ ಸಾಕು. ನನ್ನಲ್ಲಿ ಅದೇ ಇದೆ, ಏನೂ ತೊಂದರೆಯಿಲ್ಲ.

ಮೌನಪೆಟ್ಟಿಗೆ
ನಿಮ್ಮಲ್ಲಿ ಎಸ್‌ಎಸ್‌ಡಿ ಮಾತ್ರ ಇರಬಹುದು. 3.5 ಇಂಚಿನ ಡಿಸ್ಕ್ ಸುತ್ತಲು ಶುರು ಮಾಡುವಾಗ ಒಂದೊಂದೂ 2 ಆಂಪಿಯರ್ ಹತ್ತಿರ ಎಳೆಯುತ್ತದೆ. ಎರಡು ಒಟ್ಟಿಗೆ ಎದ್ದರೆ 5 ಆಂಪಿಯರ್ ಅಡಾಪ್ಟರ್‌ಗೆ ಉಸಿರೇ ಇರುವುದಿಲ್ಲ. 8 ಆಂಪಿಯರ್ ತೆಗೆದುಕೊಳ್ಳಲಿ.

ಹೊನ್ನಾವರ_ಆಡಿಯೊ
ಎರಡು ಡಿಸ್ಕ್ ಹಾಕಿಯೇ ಹೇಳುತ್ತಿದ್ದೇನೆ. ಅನುಭವದ ಮಾತಿಗೆ ಬೆಲೆ ಇರಲಿ.

ಮೌನಪೆಟ್ಟಿಗೆ
ಹೊಸ ಅಡಾಪ್ಟರ್ ಭಾರ ತಡೆದುಕೊಳ್ಳುತ್ತದೆ. ಬೇಸಿಗೆಯಲ್ಲಿ, ಟಿವಿ ಸ್ಟ್ಯಾಂಡಿನ ಹಿಂದೆ ಗಾಳಿಯಿಲ್ಲದ ಕಡೆ, ಎರಡು ವರ್ಷ ಬಳಸಿದ ಮೇಲೂ ತಡೆದುಕೊಳ್ಳುತ್ತದೆ ಎಂದು ನಾನು ಯಾರಿಗೂ ಭರವಸೆ ಕೊಡಲಾರೆ. ಇನ್ನೊಂದು ಎಚ್ಚರಿಕೆ: ಮನೆಯಲ್ಲಿದೆ ಎಂದು 19 ವೋಲ್ಟ್ ಲ್ಯಾಪ್‌ಟಾಪ್ ಅಡಾಪ್ಟರನ್ನು 12 ವೋಲ್ಟ್ ಪಿಕೊ ಬೋರ್ಡ್‌ಗೆ ಚುಚ್ಚಬೇಡಿ. ಪಿನ್ ಹೊಂದಿದರೂ ಬೋರ್ಡ್ ಉಳಿಯುವುದಿಲ್ಲ.

ರಾಗಸಂಜೆ
ಯಾರೂ ರಿಸೀವರ್ ಬಗ್ಗೆ ಕೇಳಲಿಲ್ಲವಲ್ಲ! ಅದು ಯಾವ ವರ್ಷದ್ದು? ಎಚ್‌ಡಿಎಂಐ 1.4 ಕಾಲದ್ದಾದರೆ 4ಕೆ ಚಿತ್ರ ಸೆಕೆಂಡಿಗೆ 30ಕ್ಕಿಂತ ಹೆಚ್ಚು ಸಲ ದಾಟುವುದಿಲ್ಲ. 60ಕ್ಕೆ 2.0 ಬೇಕು. 50 ಅಥವಾ 60 ಫ್ರೇಮ್‌ಗಳ ಕ್ರಿಕೆಟ್ 30ರ ಕಿಂಡಿಯಲ್ಲಿ ನುಸುಳಬೇಕಾದರೆ ಚೆಂಡು ಬಿಟ್ಟು ಬಿಟ್ಟು ಹಾರಲೇಬೇಕು. ವಿಂಡೋಸ್ ಡಿಸ್‌ಪ್ಲೇ ಸೆಟ್ಟಿಂಗ್‌ನಲ್ಲಿ ರಿಫ್ರೆಶ್ ರೇಟ್ ಎಷ್ಟೆಂದು ನೋಡಿ.

ಜೋಡಿಚಾನೆಲ್
ರಿಸೀವರ್ ಇರಬಹುದು, ಆದರೆ ರ್‍ಯಾಮ್ ಪರೀಕ್ಷಿಸದೆ ತೀರ್ಮಾನಕ್ಕೆ ಬರುವುದು ಸರಿಯಲ್ಲ. 4ಕೆ 10 ಬಿಟ್ ವಿಡಿಯೊಗೆ ಮೆಮೊರಿ ಬ್ಯಾಂಡ್‌ವಿಡ್ತ್ ಬೇಕೇ ಬೇಕು.

ರಾಗಸಂಜೆ
ಯೂಟ್ಯೂಬ್ ವಿಡಿಯೊ ಮೇಲೆ ಬಲ ಕ್ಲಿಕ್ ಮಾಡಿ ಅಂಕಿಅಂಶದ ಪಟ್ಟಿ ತೆರೆಯಲಿ. ಬಿಟ್ಟುಹೋದ ಫ್ರೇಮ್‌ಗಳ ಎಣಿಕೆ ಏರುತ್ತಿದೆಯೇ ನೋಡಲಿ. ಟಾಸ್ಕ್ ಮ್ಯಾನೇಜರ್‌ನ ಜಿಪಿಯು ಪುಟದಲ್ಲಿ ವಿಡಿಯೊ ಡಿಕೋಡ್ ಗೆರೆ ಎದ್ದಿದ್ದು, ಪ್ರೊಸೆಸರ್ ತಣ್ಣಗಿದ್ದರೆ ರ್‍ಯಾಮ್ ವಿಷಯ ಅಲ್ಲಿಗೆ ಮುಗಿಯಿತು.

ತುಂಗಾತೀರ
ಅಳೆದೆ. ಡಿಸ್ಕ್ ತೆಗೆದರೆ 34ರಿಂದ 24. ಭಾವನ ಅಂಗಡಿಯಿಂದ 12 ವೋಲ್ಟ್ 8 ಆಂಪಿಯರ್ ಅಡಾಪ್ಟರ್, ಪಿಕೊ ಬೋರ್ಡ್ ತಂದು ಹಾಕಿದಾಗ 14. ಸಿ-ಸ್ಟೇಟ್, ಎಎಸ್‌ಪಿಎಂ ಆನ್ ಮಾಡಿದ ಮೇಲೆ 10ಕ್ಕೂ 11ಕ್ಕೂ ನಡುವೆ ಆಡುತ್ತಿದೆ. ಡಿಸ್ಕ್ ಮತ್ತೆ ಹಾಕಿ, ಹತ್ತು ನಿಮಿಷ ಬಿಟ್ಟು ನಿದ್ರೆಗೆ ಹೋಗುವಂತೆ ಇಟ್ಟಿದ್ದೇನೆ. ಡಿಸ್ಕ್‌ಗಳು ನಿದ್ರೆಯಲ್ಲಿದ್ದಾಗ 12.

ರಿಸೀವರ್ 2012ರದು. ರಿಫ್ರೆಶ್ ರೇಟ್ 30 ಎಂದೇ ತೋರಿಸುತ್ತಿತ್ತು. ಕೇಬಲನ್ನು ನೇರ ಟಿವಿಗೆ ಚುಚ್ಚಿ 60ಕ್ಕೆ ಇಟ್ಟೆ. ಚೆಂಡು ಬೌಲರ್ ಕೈಯಿಂದ ಬ್ಯಾಟ್‌ನವರೆಗೆ ಗೆರೆ ಎಳೆದಂತೆ ಬರುತ್ತಿದೆ! ಆದರೆ ಈಗ ಧ್ವನಿ ಟಿವಿಯ ಸ್ಪೀಕರ್‌ನಲ್ಲಿ. ಇನ್ನೊಂದು ಹೊಸ ತೊಂದರೆ: ರಿಮೋಟ್ ಒತ್ತಿದರೆ ಆಫ್ ಆಗಿರುವ ಕಂಪ್ಯೂಟರ್ ಏಳುತ್ತಿಲ್ಲ. ಮೊದಲು ಏಳುತ್ತಿತ್ತು.

ಮೌನಪೆಟ್ಟಿಗೆ
ಬಯೋಸ್‌ನಲ್ಲಿ ಇಆರ್‌ಪಿ ಎಂಬುದನ್ನೂ ಆನ್ ಮಾಡಿದ್ದೀರಾ? ಅದು ಕಂಪ್ಯೂಟರ್ ಆಫ್ ಆದಾಗ ಯುಎಸ್‌ಬಿಗೆ ಹೋಗುವ 5 ವೋಲ್ಟ್ ಸ್ಟ್ಯಾಂಡ್‌ಬೈ ವಿದ್ಯುತ್ತನ್ನು ಕಡಿದುಬಿಡುತ್ತದೆ. ರಿಮೋಟಿನ ಯುಎಸ್‌ಬಿ ಕಣ್ಣಿಗೇ ಕರೆಂಟ್ ಇಲ್ಲವೆಂದರೆ ಅದು ಯಾರನ್ನು ಎಬ್ಬಿಸುತ್ತದೆ? ಆಫ್ ಮಾಡಿ. ಉಳಿಯುತ್ತಿದ್ದುದು ಒಂದು ವ್ಯಾಟ್‌ನಷ್ಟೇ. ವರ್ಷವಿಡೀ ಇಟ್ಟರೂ 9 ಯೂನಿಟ್ ದಾಟುವುದಿಲ್ಲ.

ರಾಗಸಂಜೆ
ಧ್ವನಿಗೆ ಟಿವಿಯ ಎಆರ್‌ಸಿ ಕಿಂಡಿಯಿಂದ (ಧ್ವನಿಯನ್ನು ಹೊರಕ್ಕೆ ಕಳಿಸುವ ಎಚ್‌ಡಿಎಂಐ ಕಿಂಡಿ) ರಿಸೀವರ್‌ಗೆ ಕೇಬಲ್ ಹಾಕಿ. ಡಾಲ್ಬಿ ಡಿಜಿಟಲ್ 5.1 ಬರುತ್ತದೆ.

ಹೊನ್ನಾವರ_ಆಡಿಯೊ
ಟ್ರೂಎಚ್‌ಡಿ (ಗುಣ ಕಳೆದುಕೊಳ್ಳದ ಡಾಲ್ಬಿ ಧ್ವನಿ) ಬರುವುದಿಲ್ಲ! ಎಆರ್‌ಸಿಯಲ್ಲಿ ಅದು ದಾಟುವುದೇ ಇಲ್ಲ. ಒಳ್ಳೆಯ ರಿಸೀವರ್ ಇಟ್ಟುಕೊಂಡು ಟಿವಿಯ ಮೂಲಕ ಹಿಂಡಿದ ಧ್ವನಿ ಕೇಳುವುದು ಅನ್ಯಾಯ. ಬೋರ್ಡಿನಲ್ಲಿ ಇನ್ನೊಂದು ಡಿಸ್‌ಪ್ಲೇ ಕಿಂಡಿ ಇದ್ದರೆ ಒಂದರಿಂದ ಚಿತ್ರ ಟಿವಿಗೆ, ಇನ್ನೊಂದರಿಂದ ಧ್ವನಿ ರಿಸೀವರ್‌ಗೆ ಕೊಡಿ. ನನ್ನ ಮನೆಯಲ್ಲಿ ಹಾಗೆಯೇ ಇದೆ. ಮುಂದೆ ಎರಡು ಗೋಪುರ ಸ್ಪೀಕರ್, ತೇಗದ ಪೆಟ್ಟಿಗೆಯನ್ನು ಊರಿನ ಬಡಗಿಯಿಂದಲೇ ಮಾಡಿಸಿದ್ದು. ಸಬ್‌ವೂಫರ್ ಕೆಳಗೆ ಕಡಪ ಕಲ್ಲು. ಮಳೆಗಾಲದಲ್ಲಿ ಗುಡುಗಿನ ದೃಶ್ಯ ಬಂದರೆ ಮನೆಯವರು ಅಂಗಳದ ಬಟ್ಟೆ ತೆಗೆಯಲು ಎದ್ದಿದ್ದಾರೆ.

ಎಎಂ4ಅಭಿಮಾನಿ
ಸಬ್‌ವೂಫರ್ ಎಷ್ಟು ಇಂಚಿನದು? ಕಡಪ ಕಲ್ಲಿಗಿಂತ ರಬ್ಬರ್ ಹಾಸು ಒಳ್ಳೆಯದಲ್ಲವೇ?

ಹೊನ್ನಾವರ_ಆಡಿಯೊ
12 ಇಂಚು. ರಬ್ಬರ್ ನಮ್ಮ ಕರಾವಳಿಯ ತೇವಕ್ಕೆ ಅಂಟಂಟಾಗುತ್ತದೆ. ಫೋಟೊ ಹಾಕುತ್ತೇನೆ.

ತುಂಗಾತೀರ
ಇಆರ್‌ಪಿ ಆಫ್ ಮಾಡಿದೆ, ರಿಮೋಟ್ ಎಬ್ಬಿಸುತ್ತಿದೆ. ಬೋರ್ಡ್ ಮಾರುವುದಿಲ್ಲ. ಡಿಸ್‌ಪ್ಲೇ ಪೋರ್ಟ್ ಒಂದು ಖಾಲಿ ಇದೆ, ಅದರಿಂದ ರಿಸೀವರ್‌ಗೆ ಕೊಟ್ಟರೆ ವಿಂಡೋಸ್ ಅದನ್ನು ಎರಡನೇ ಪರದೆ ಎಂದುಕೊಂಡು ಮೌಸ್ ಬಾಣವನ್ನು ಅಲ್ಲಿಗೆ ಬಿಟ್ಟುಬಿಡುತ್ತಿದೆ. ಇದಕ್ಕೆ ಏನು ಮಾಡುವುದು?

ಜೋಡಿಚಾನೆಲ್
ಅದನ್ನು ಆಮೇಲೆ ನೋಡೋಣ. ರ್‍ಯಾಮ್ 2400ರದೋ 3200ರದೋ?