ಬ್ಯಾಡಗಿ ಮೆಣಸಿನಕಾಯಿ ಸೈಟು: ಟೈಟಲ್ ಕನ್ನಡದಾಗೋ, ಇಂಗ್ಲಿಷ್‌ನಾಗೋ?

ಕೆಂಪುಕಾಯಿ (ಬ್ಯಾಡಗಿ): ಒಣ ಮೆಣಸಿನಕಾಯಿ ಮಾರೋ ಸೈಟು. ಸೈಟು ಕಟ್ಟೋ ತಂತ್ರಾಂಶ ವರ್ಡ್‌ಪ್ರೆಸ್, 38 ಪುಟ, ಒಳಗಿನ ಬರಹ ಎಲ್ಲಾ ಕನ್ನಡ. ಟೈಟಲ್ (ಬ್ರೌಸರ್ ಟ್ಯಾಬ್‌ನಾಗ, ಗೂಗಲ್ ಹುಡುಕಾಟದಾಗ ಕಾಣೋ ಪುಟದ ಹೆಸರು) ಮಾತ್ರ ಎಲ್ಲಾ ಪುಟಕ್ಕೂ ಒಂದೇ ಐತಿ, ‘ಬ್ಯಾಡಗಿ ಚಿಲ್ಲಿ ಬೆಸ್ಟ್ ಪ್ರೈಸ್ ಹಾವೇರಿ ಹುಬ್ಬಳ್ಳಿ ಗದಗ’ ಅಂತ ಇಂಗ್ಲಿಷ್ ಲಿಪಿಯೊಳಗ. ಗೂಗಲ್ ಅದನ್ನ ಬಿಟ್ಟು ಎಲ್ಲಾ ಪುಟಕ್ಕೂ ಬರೇ ಅಂಗಡಿ ಹೆಸರು ತೋರಸಾಕತ್ತೈತಿ. ಕನ್ನಡ ಟೈಟಲ್ ಹಾಕಾಕ ಹೋದ್ರ ‘60 ಅಕ್ಷರ ದಾಟಿತು’ ಅಂತ ಟೈಟಲ್ ಪರೀಕ್ಷೆ ಮಾಡೋ ಪ್ಲಗಿನ್ (ಸೈಟಿಗೆ ಜೋಡಿಸೋ ಸಣ್ಣ ತಂತ್ರಾಂಶ) ಕೆಂಪು ದೀಪ ಹಚ್ಚತೈತಿ. ಏನ್ ಮಾಡೂದ್ರಿ?

ಸಾಧನಕೇರಿ ಕೋಡ್: ಆ ಕೆಂಪು ದೀಪಕ್ಕ ಅಂಜಬ್ಯಾಡ್ರಿ. ನಿಮ್ಮ ಪ್ಲಗಿನ್ ಎಣಸೋದು ಯೂನಿಕೋಡ್ (ಕಂಪ್ಯೂಟರ್ ಅಕ್ಷರ ಇಟ್ಟುಕೊಳ್ಳೋ ಪದ್ಧತಿ) ಸಂಕೇತಗಳನ್ನ. ‘ಬ್ಯಾಡಗಿ’ ನಮ್ಮ ಕಣ್ಣಿಗೆ ಮೂರು ಅಕ್ಷರ, ಅದರ ಲೆಕ್ಕದಾಗ ಏಳು: ಬ, ಹಲಂತ, ಯ, ದೀರ್ಘ, ಡ, ಗ, ಗುಡಿಸು. ಗೂಗಲ್ ಅಕ್ಷರಕ್ಕ ಮಿತಿನೇ ಇಟ್ಟಿಲ್ಲ, ಜಾಗದ ಅಗಲ ನೋಡಿ ಕತ್ತರಿಸ್ತದ. ಕಂಪ್ಯೂಟರ್ ಪರದೆ ಮ್ಯಾಲೆ ಸುಮಾರು 600 ಪಿಕ್ಸೆಲ್ (ಪರದೆಯ ಚುಕ್ಕಿ). ಅಳೀಬೇಕಂದ್ರ ಖಾಲಿ ಎಚ್‌ಟಿಎಂಎಲ್ (ವೆಬ್ ಪುಟದ) ಫೈಲಿನಾಗ 600 ಪಿಕ್ಸೆಲ್ ಅಗಲದ ಚೌಕಟ್ಟು ಮಾಡಿ, 20 ಪಿಕ್ಸೆಲ್ ಅಕ್ಷರದ ಅಳತೆಯೊಳಗ ಟೈಟಲ್ ಹಾಕಿ ನೋಡ್ರಿ. ವಿಂಡೋಸ್‌ನ ಕನ್ನಡ ಫಾಂಟ್ ಬ್ಯಾರೆ, ಆಂಡ್ರಾಯ್ಡ್‌ದು ಬ್ಯಾರೆ, ಅದಕ್ಕ ಒಂದು 50 ಪಿಕ್ಸೆಲ್ ಖಾಲಿ ಇರ್ಲಿ. ಸರಕಿನ ಹೆಸರು ಮುಂದ, ಅಂಗಡಿ ಹೆಸರು ಕೊನೀಗೆ. ಕತ್ತರಿಸಿದ್ರೂ ಅಂಗಡಿ ಹೆಸರು ಹೋಗ್ತದ, ಸರಕು ಉಳೀತದ.

ಕೊಪ್ಪಿಕರ್ ರೋಡ್: ಲೆಕ್ಕ ಖರೆ. ಆದ್ರ ಬರೇ ಕನ್ನಡ ಟೈಟಲ್ ಹಾಕಿದ್ರ ಗಿರಾಕಿ ಕೈಬಿಟ್ಟು ಹೋಗ್ತಾನ್ರಿ. 2014ರ ನವೆಂಬರ್ 1ಕ್ಕ ಊರ ಹೆಸರು ಹುಬ್ಬಳ್ಳಿ ಅಂತ ಆತು, ಇವತ್ತಿಗೂ ‘ಹುಬ್ಲಿ’ ಅಂತ ಇಂಗ್ಲಿಷ್‌ನಾಗ ಹೊಡಿಯೋರು ಅದಾರ. ಎರಡೂ ಲಿಪಿ ಟೈಟಲ್‌ನಾಗ ಇರಬೇಕು.

ಸಾಧನಕೇರಿ ಕೋಡ್: ನಿಮ್ಮ ಗಿರಾಕಿ ಮಾತು ಒಪ್ಪಿದೆ, ಔಷಧ ಒಪ್ಪೂದಿಲ್ಲ. ಪುಟದ ಬರಹ ಒಂದು ಲಿಪಿ, ಟೈಟಲ್ ಇನ್ನೊಂದು ಲಿಪಿ ಆದ್ರ ಗೂಗಲ್ ಪುಟದ ಲಿಪಿಗೆ ಹೊಂದೋ ಬ್ಯಾರೆ ಟೈಟಲ್ ಹುಡುಕ್ತದ. ಈ ಸುಧಾರಣೆ 2022ರ ಜೂನ್‌ನಾಗ ಅವರೇ ಪ್ರಕಟ ಮಾಡ್ಯಾರ. ಕೆಂಪುಕಾಯಿಯವರ ಸೈಟಿನಾಗ ಆಗಿದ್ದು ಇದೇ ಇರಬೇಕು. ಎರಡೂ ಲಿಪಿ ತುರುಕಿದ್ರ 600 ಪಿಕ್ಸೆಲ್ ಅರ್ಧಕ್ಕ ಮುಗೀತದ. ಇಂಗ್ಲಿಷ್ ಗಿರಾಕಿ ಬೇಕಂದ್ರ ಇಂಗ್ಲಿಷ್ ಪುಟನೇ ಬ್ಯಾರೆ ಮಾಡಿ, ಎರಡೂ ಪುಟದಾಗ ಎಚ್‌ರೆಫ್‌ಲ್ಯಾಂಗ್ (ಇದೇ ಪುಟ ಇನ್ನೊಂದು ಭಾಷೆಯೊಳಗ ಎಲ್ಲೈತಿ ಅಂತ ಗೂಗಲ್‌ಗೆ ಹೇಳೋ ಗುರುತು) ಹಾಕಿ ಜೋಡಿಸ್ರಿ. ಒಂದೇ ಕಡೆ ಹಾಕಿದ್ರ ನಡಿಯೂದಿಲ್ಲ, ಎರಡೂ ಪುಟ ಒಂದನ್ನೊಂದು ತೋರಿಸ್ಬೇಕು.

ಬೆಟಗೇರಿ ಮೊಳೆ: ಒಂದು ಬೇರೆ ವಿಷಯ. ಹಳೇ ‘ನುಡಿ’ ಅಥವಾ ‘ಬರಹ’ ತಂತ್ರಾಂಶದ ಕಡತದಿಂದ ನಕಲು ಮಾಡಿದ್ದೀರೇನು? ಯೂನಿಕೋಡ್ ಅಲ್ಲದ ಪಠ್ಯಕ್ಕೆ ಆ ಫಾಂಟ್ ಹಚ್ಚಿದರೆ ಪುಟದಲ್ಲಿ ಕನ್ನಡವೇ ಕಾಣುತ್ತದೆ, ಆದರೆ ಗೂಗಲ್ ಓದುವುದು ಅರ್ಥವಿಲ್ಲದ ಲ್ಯಾಟಿನ್ ಚಿಹ್ನೆಗಳನ್ನು. ಟೈಟಲ್‌ಗೆ ಫಾಂಟ್ ಹಚ್ಚಲು ಬರುವುದಿಲ್ಲ, ಹಾಗಾಗಿ ಬ್ರೌಸರ್ ಟ್ಯಾಬ್ ನೋಡಿದರೆ ಬಣ್ಣ ಬಯಲು. ಯೂನಿಕೋಡ್‌ಗೆ ಪರಿವರ್ತಿಸಿದ ಮೇಲೆ ಅರ್ಕಾವತ್ತು ಇರುವ ಪದಗಳನ್ನು ಒಂದೊಂದಾಗಿ ನೋಡಿ, ಎಡವಟ್ಟಾಗುವುದು ಹೆಚ್ಚಾಗಿ ಅಲ್ಲೇ.

ಕೆಂಪುಕಾಯಿ (ಬ್ಯಾಡಗಿ): ಟ್ಯಾಬ್ ಸರಿ ಐತ್ರಿ, ಯೂನಿಕೋಡ್‌ನ ಐತಿ. ಇನ್ನೊಂದು: ಉತ್ಪನ್ನದ ಪುಟದಾಗ ಮೂರು ಎಚ್1 (ಪುಟದ ಮೊದಲ ದರ್ಜೆ ತಲೆಬರಹ) ಅದಾವು. ಲೋಗೋ ಪಕ್ಕದ ಅಂಗಡಿ ಹೆಸರು ಒಂದು, ‘ಡಬ್ಬಿ’ ಒಂದು, ‘ಕಡ್ಡಿ’ ಒಂದು (ಇವೆರಡೂ ಬ್ಯಾಡಗಿ ಮೆಣಸಿನಕಾಯಿಯ ಬಗೆ).

ಕೊಪ್ಪಿಕರ್ ರೋಡ್: ತಪ್ಪು ಅಲ್ಲೇ ಐತಿ ನೋಡ್ರಿ! ಪುಟಕ್ಕ ಒಂದೇ ಎಚ್1, ಇಲ್ಲಂದ್ರ ರ‍್ಯಾಂಕ್ ಬೀಳತೈತಿ.

ಬೆಟಗೇರಿ ಮೊಳೆ: ಹಾಗೇನೂ ನಿಯಮವಿಲ್ಲ. ಎಷ್ಟು ಎಚ್1 ಇದ್ದರೂ ನಡೆಯುತ್ತದೆ ಎಂದು ಗೂಗಲ್‌ನ ಜಾನ್ ಮುಲ್ಲರ್ 2019ರಲ್ಲೇ ಹೇಳಿದ್ದಾರೆ. ಇಲ್ಲಿ ತೊಂದರೆ ಮೂರಿರುವುದಲ್ಲ, ಮೊದಲನೆಯದು ಅಂಗಡಿ ಹೆಸರಾಗಿರುವುದು. ಟೈಟಲ್ ಒಪ್ಪಿಗೆಯಾಗದಿದ್ದರೆ ಗೂಗಲ್ ಪುಟದ ಮುಖ್ಯ ತಲೆಬರಹ, ದೊಡ್ಡದಾಗಿ ಎದ್ದು ಕಾಣುವ ಪಠ್ಯ, ಆ ಪುಟಕ್ಕೆ ಬರುವ ಲಿಂಕಿನ ಮಾತು ಇವುಗಳಲ್ಲಿ ಹುಡುಕುತ್ತದೆ. 38 ಪುಟದಲ್ಲೂ ಅದಕ್ಕೆ ಮೊದಲು ಸಿಗುವುದು ಅದೇ ಅಂಗಡಿ ಹೆಸರು. ಚೈಲ್ಡ್ ಥೀಮ್ (ಸೈಟಿನ ವಿನ್ಯಾಸವಾದ ಥೀಮ್‌ಗೆ ನಮ್ಮ ಬದಲಾವಣೆ ಇಡುವ ಉಪಥೀಮ್) ಮಾಡಿಕೊಂಡು ಹೆಡರ್ ಫೈಲಿನಲ್ಲಿ ಅದನ್ನು ಎಚ್1ನಿಂದ ಡಿವ್‌ಗೆ (ತಲೆಬರಹವಲ್ಲದ ಸಾದಾ ಚೌಕಟ್ಟಿಗೆ) ಬದಲಿಸಿ. ಮೂಲ ಥೀಮ್‌ನಲ್ಲೇ ತಿದ್ದಿದರೆ ಮುಂದಿನ ಅಪ್‌ಡೇಟ್‌ಗೆ ಅಳಿಸಿಹೋಗುತ್ತದೆ. ಆಮೇಲೆ ‘ಬ್ಯಾಡಗಿ ಮೆಣಸಿನಕಾಯಿ’ ಎಚ್1, ಡಬ್ಬಿ ಮತ್ತು ಕಡ್ಡಿ ಎಚ್2, ಅವುಗಳ ಕೆಳಗೆ ಬಣ್ಣ, ಖಾರ, ತೊಟ್ಟು ತೆಗೆದದ್ದು ಇವೆಲ್ಲ ಎಚ್3.

ಅಕ್ಷರ ಸಣ್ಣದಾಗಲಿ ಎಂದು ಎಚ್2 ಬಿಟ್ಟು ಎಚ್4ಕ್ಕೆ ಹಾರಬೇಡಿ, ಗಾತ್ರಕ್ಕೆ ಸಿಎಸ್‌ಎಸ್ (ಪುಟದ ರೂಪ ಹೇಳುವ ಸೂತ್ರ) ಇದೆ. ಹಾರಿದರೆ ಗೂಗಲ್‌ಗೇನೂ ಬೇಸರವಿಲ್ಲ. ಆದರೆ ಎನ್‌ವಿಡಿಎಯಂಥ ಸ್ಕ್ರೀನ್ ರೀಡರ್ (ಕಣ್ಣು ಕಾಣದವರಿಗೆ ಪರದೆ ಓದಿ ಹೇಳುವ ತಂತ್ರಾಂಶ) ಬಳಸುವವರು ಎಚ್ ಕೀಲಿ ಒತ್ತುತ್ತ ತಲೆಬರಹದಿಂದ ತಲೆಬರಹಕ್ಕೆ ಹೋಗುತ್ತಾರೆ, ಅವರಿಗೆ ದಾರಿ ತಪ್ಪುತ್ತದೆ.

ಕೊಪ್ಪಿಕರ್ ರೋಡ್: ಎಲ್ಲಾ ಗೂಗಲ್‌ನ ತನ್ನ ಮನಸ್ಸಿಗೆ ಬಂದಂಗ ಬದಲ್ ಮಾಡೂದಾದ್ರ ನಾವು ಟೈಟಲ್ ಯಾಕ ಬರೀಬೇಕು?

ಸಾಧನಕೇರಿ ಕೋಡ್: 2021ರ ಸೆಪ್ಟೆಂಬರ್‌ನಾಗ ಗೂಗಲ್ ಕೊಟ್ಟ ಲೆಕ್ಕದ ಪ್ರಕಾರ 87% ಸಲ ನಾವು ಬರೆದ ಟೈಟಲ್ ಬಳಸ್ತದ. ಉಳಿದ 13ರೊಳಗ ಬೀಳೋದು ಹೆಚ್ಚಾಗಿ ಇಂಥವೇ: ಖಾಲಿ ಟೈಟಲ್, 38 ಪುಟಕ್ಕ ಒಂದೇ ಟೈಟಲ್, ಊರಿನ ಹೆಸರಿನ ಸರಮಾಲೆ.

ಕೆಂಪುಕಾಯಿಯವರೇ, ಎಲ್ಲಾ ಒಮ್ಮೆಲೇ ಬದಲಿಸಬ್ಯಾಡ್ರಿ. ಐದು ಪುಟ ತಗೊಂಡು ‘ಬ್ಯಾಡಗಿ ಡಬ್ಬಿ ಮೆಣಸಿನಕಾಯಿ, ತೊಟ್ಟು ಸಹಿತ, 1 ಕೆಜಿ’ ಅನ್ನೋ ಹಂಗ ಪುಟಕ್ಕೊಂದು ಟೈಟಲ್ ಬರೀರಿ, ಎಚ್1 ಕೂಡ ಅದೇ ಮಾತು ಹೇಳ್ಲಿ. ಸರ್ಚ್ ಕನ್ಸೋಲ್‌ನಾಗ (ಸೈಟಿನ ಮಾಲೀಕರಿಗೆ ಗೂಗಲ್ ಕೊಡೋ ಸಾಧನ) ಪುಟದ ವಿಳಾಸ ಪರಿಶೀಲನೆಗೆ ಹಾಕಿ ಇಂಡೆಕ್ಸಿಂಗ್ (ಪುಟ ಮತ್ತ ಓದಿ ಪಟ್ಟಿಗೆ ಸೇರಿಸೂದು) ಕೇಳ್ರಿ. ಗೂಗಲ್ ಮತ್ತ ಬಂದು ಓದೂದಕ್ಕ ಕೆಲವು ದಿನದಿಂದ ಕೆಲವು ವಾರ ಹಿಡೀತದ. ಹೊಸ ಟೈಟಲ್ ಕಾಣಿಸಿದ ದಿನದಿಂದ 28 ದಿನದ ಕ್ಲಿಕ್ ತಗದು ಹಿಂದಿನ 28 ದಿನದ್ದಕ್ಕ ಹೋಲಿಸ್ರಿ. ಜನವರಿ–ಫೆಬ್ರವರಿ ಸುಗ್ಗಿಯೊಳಗ ಹುಡುಕೋರೇ ಜಾಸ್ತಿ ಇರ್ತಾರ, ಬದಲಿಸದ ಪುಟಗಳನ್ನೂ ಪಕ್ಕದಾಗ ಇಟ್ಟು ನೋಡ್ರಿ.

ಕೊಪ್ಪಿಕರ್ ರೋಡ್: ಆತು, ಉತ್ಪನ್ನದ ಪುಟಕ್ಕ ಬರೇ ಕನ್ನಡ ಇರ್ಲಿ. ಹೋಮ್ ಪೇಜಿಗೆ ಎರಡೂ ಲಿಪಿ ಬೇಕು ಅನ್ನೋ ನನ್ನ ಹಟ ಮಾತ್ರ ಬಿಡಂಗಿಲ್ಲ ನೋಡ್ರಿ.

ಸಾಧನಕೇರಿ ಕೋಡ್: 600 ಪಿಕ್ಸೆಲ್‌ನಾಗ ಕೂಡಿಸಿ ತೋರಸ್ರಿ, ಆಮ್ಯಾಲೆ ಮಾತಾಡೋಣ.