ಬೂತಾಯಿ ಒಮ್ಮೆ ರಾಶಿ ಬೀಳುವುದೂ ಮತ್ತೊಮ್ಮೆ ಕಾಣೆಯಾಗುವುದೂ ಏಕೆ?

ಪ್ರಶ್ನೆ: ಕರಾವಳಿಯಲ್ಲಿ ಬೂತಾಯಿ ಮೀನು (ಎಣ್ಣೆ ಸಾರ್ಡೀನ್) ಕೆಲವು ವರ್ಷ ಗೊಬ್ಬರಕ್ಕೆ ಹಾಕುವಷ್ಟು ಸಿಗುತ್ತದೆ, ಕೆಲವು ವರ್ಷ ಸಾರಿಗೂ ಸಿಗುವುದಿಲ್ಲ. ಇದಕ್ಕೆ ಅತಿಯಾದ ಮೀನುಗಾರಿಕೆಯೊಂದೇ ಕಾರಣವೇ?

ಉತ್ತರ 1: ಅದೊಂದೇ ಅಲ್ಲ. ನೈಋತ್ಯ ಮಳೆಗಾಲದ ಗಾಳಿ ಮೇಲ್ಪದರದ ನೀರನ್ನು ದಡದಿಂದ ಆಚೆಗೆ ತಳ್ಳಿದಾಗ ಆಳದ ತಣ್ಣನೆಯ, ಪೋಷಕಾಂಶಭರಿತ ನೀರು ಮೇಲೇರಿ ನೀರಿನಲ್ಲಿ ತೇಲುವ ಸೂಕ್ಷ್ಮ ಸಸ್ಯಪ್ಲವಕಗಳು, ವಿಶೇಷವಾಗಿ ಡಯಾಟಮ್ ಎಂಬ ಏಕಕೋಶ ಪಾಚಿಗಳು, ಹುಲುಸಾಗಿ ಬೆಳೆಯುತ್ತವೆ. ಬೂತಾಯಿಯ ಮುಖ್ಯ ಆಹಾರವೇ ಅದು. ಮಳೆಗಾಲ ಮುಗಿದ ಮೇಲೆ ಸಿಗುವ ಮೀನು ಬಾಣಲೆಯಲ್ಲಿ ತಾನೇ ಎಣ್ಣೆ ಬಿಡುವುದು ಈ ಮೇವಿನ ಫಲ. ಆದರೆ ಮೇಲೇರುವ ನೀರಿನಲ್ಲಿ ಆಮ್ಲಜನಕ ತೀರಾ ಕಡಿಮೆಯಾದರೆ ಹಿಂಡು ಬೇರೆಡೆಗೆ ಸರಿಯುತ್ತದೆ. ಕೇರಳದಲ್ಲಿ 2012ರಲ್ಲಿ ಸುಮಾರು 4 ಲಕ್ಷ ಟನ್ ಇದ್ದ ಇಳುವರಿ 2021ರಲ್ಲಿ ಮೂರೂವರೆ ಸಾವಿರ ಟನ್ನಿಗಿಂತ ಕೆಳಗಿಳಿಯಿತು. ಇಂತಹ ಕುಸಿತವನ್ನು ಬಲೆಯ ತಲೆಗೆ ಮಾತ್ರ ಕಟ್ಟುವುದು ನನ್ನ ದೃಷ್ಟಿಯಲ್ಲಿ ಅವಸರದ ತೀರ್ಪು.

ಉತ್ತರ 2: ಒಪ್ಪುತ್ತೇನೆ, ಆದರೆ ಬಲೆಯನ್ನು ಪೂರ್ತಿ ಬಿಟ್ಟುಕೊಡಲಾರೆ. ಬೂತಾಯಿಯ ಆಯುಷ್ಯವೇ ಎರಡೂವರೆ ವರ್ಷದ ಆಸುಪಾಸು, ಒಂದು ವರ್ಷದೊಳಗೆ ಅದು ಪ್ರಾಯಕ್ಕೆ ಬರುತ್ತದೆ. ಹೀಗಾಗಿ ಒಂದು ಹಂಗಾಮಿನ ಮರಿ ಕೈಕೊಟ್ಟರೆ ಮರುವರ್ಷವೇ ಅದರ ಏಟು ಗೊತ್ತಾಗುತ್ತದೆ. ಹವಾಮಾನ ಕೆಟ್ಟ ವರ್ಷದಲ್ಲಿ ಬೆರಳುದ್ದದ ಮರಿಗಳನ್ನೂ ಬಾಚಿದರೆ ಚೇತರಿಕೆ ಇನ್ನಷ್ಟು ತಡವಾಗುತ್ತದೆ. ಮೀನಿನ ತಲೆಯೊಳಗಿನ ಅಕ್ಕಿನುಚ್ಚಿನಷ್ಟು ಪುಟ್ಟ ಕಿವಿಗಲ್ಲನ್ನು ತೆಳುವಾಗಿ ಉಜ್ಜಿ ಸೂಕ್ಷ್ಮದರ್ಶಕದಡಿ ಇಟ್ಟರೆ ದಿನಕ್ಕೊಂದರಂತೆ ಬೆಳೆದ ಉಂಗುರಗಳು ಕಾಣುತ್ತವೆ, ಮರಿಯ ವಯಸ್ಸನ್ನು ಅದರಿಂದಲೇ ಎಣಿಸುತ್ತಾರೆ.

ಪ್ರಶ್ನೆ ಕೇಳಿದವರು: ಧನ್ಯವಾದಗಳು. ಹಾಗಾದರೆ ಜೂನ್ 1ರಿಂದ ಜುಲೈ 31ರವರೆಗಿನ ನಮ್ಮ ಯಾಂತ್ರಿಕ ಮೀನುಗಾರಿಕೆಯ ರಜೆ ಮೊಟ್ಟೆಯಿಡುವ ಮೀನಿಗೆ ನೆರವಾದರೂ, ಸೆಪ್ಟೆಂಬರಿನಲ್ಲಿ ಬಲೆಗೆ ಬೀಳುವ ಮರಿಗಳಿಗೆ ಅದರಿಂದ ರಕ್ಷಣೆಯಿಲ್ಲ ಎಂದಾಯಿತು.