ಮೂರು ಮಷಿನ್ ಸೇರಿಸಿ ಒಂದು ಮಾಡಿದೆ, ಈಗ ಟ್ಯಾಲಿ ಆಮೆ ಆಗಿದೆ [ಪರಿಹಾರ ಸಿಕ್ಕಿದೆ]

ಪ್ರೆಸ್_ಹುಬ್ಬಳ್ಳಿ:
ಎಲ್ಲರಿಗೂ ನಮಸ್ಕಾರ. ನಮ್ಮದು ಹುಬ್ಬಳ್ಳಿಯಲ್ಲಿ ಸಣ್ಣ ಪ್ರಿಂಟಿಂಗ್ ಪ್ರೆಸ್. ಮದುವೆ ಕಾರ್ಡು, ಬಿಲ್ ಬುಕ್ಕು, ಜಾತ್ರೆ ಬಂದರೆ ಫ್ಲೆಕ್ಸು. 9 ಜನ ಕಂಪ್ಯೂಟರ್ ಮುಂದೆ ಕೂರುತ್ತೇವೆ. ಇಷ್ಟು ದಿನ ಮೂರು ಹಳೆ ಮಷಿನ್ ಹಗಲು ರಾತ್ರಿ ಓಡುತ್ತಿದ್ದವು. ಒಂದರಲ್ಲಿ ಲೆಕ್ಕ ಬರೆಯುವ ಟ್ಯಾಲಿ, ಒಂದರಲ್ಲಿ ಡಿಸೈನ್ ಫೈಲು, ಇನ್ನೊಂದು ಹಳೆ ವಿಂಡೋಸ್ ಎಕ್ಸ್‌ಪಿ. ನಗಬೇಡಿ. ಪುಟ ಜೋಡಿಸುವ ಹಳೆ ಪೇಜ್‌ಮೇಕರ್‌ನ ಫೈಲು, ಹಳೆ ಕನ್ನಡ ಫಾಂಟು, ಚುಚ್ಚಿದರಷ್ಟೇ ಆ ಫಾಂಟು ಬರುವ ಒಂದು ಯುಎಸ್‌ಬಿ ಡಾಂಗಲ್. ಯೂನಿಕೋಡ್‌ಗೆ ತಂದರೆ ಒತ್ತಕ್ಷರ ಎಲ್ಲಾ ಚೆಲ್ಲಾಪಿಲ್ಲಿ. ಪ್ರತಿ ವರ್ಷ ಅದೇ ದೇವಸ್ಥಾನದವರು ಅದೇ ಆಮಂತ್ರಣ ಪತ್ರಿಕೆಗೆ ಬರುತ್ತಾರೆ, ತಾರೀಕು ಬದಲಿಸಿ ಕೊಡಬೇಕು.

ಹೋದ ತಿಂಗಳು ಒಂದು ರಿಫರ್ಬಿಶ್ಡ್ ಸರ್ವರ್ ತಂದೆ. 8 ಕೋರ್, 32 ಜಿಬಿ ರ್ಯಾಮ್, 4 ಟಿಬಿಯ ನಾಲ್ಕು ಹಾರ್ಡ್‌ಡಿಸ್ಕ್. ಒಂದೇ ಮಷಿನ್‌ನಲ್ಲಿ ಹಲವು ಕಂಪ್ಯೂಟರ್ ಓಡಿಸುವ ಪ್ರಾಕ್ಸ್‌ಮಾಕ್ಸ್ 7 ಗೆಳೆಯನ ಪೆನ್‌ಡ್ರೈವಿನಲ್ಲಿತ್ತು. ಅದನ್ನು ಹಾಕಿ, ನಾಲ್ಕೂ ಡಿಸ್ಕ್ ಸೇರಿಸಿ ರೇಡ್‌ಜೆಡ್1 (ಒಂದು ಡಿಸ್ಕ್ ಕೆಟ್ಟರೂ ಡೇಟಾ ಉಳಿಯುವ ಜೋಡಣೆ) ಮಾಡಿದೆ. ಮೂರೂ ಮಷಿನ್ ಅದರೊಳಗೆ ವಿಎಂ, ಅಂದರೆ ಸಾಫ್ಟ್‌ವೇರ್ ಕಂಪ್ಯೂಟರ್ ಆದವು. ಮೊದಲು ಪ್ಲಗ್ ಮೀಟರ್ 250 ವ್ಯಾಟ್ ತೋರಿಸುತ್ತಿತ್ತು, ಈಗ 95. ತಿಂಗಳಿಗೆ 110 ಯೂನಿಟ್ ಉಳಿಯಿತು ಅಂತ ಬೀಗುತ್ತಿದ್ದೆ.

ಆದರೆ ಟ್ಯಾಲಿಯಲ್ಲಿ ಒಂದು ವೋಚರ್ ಸೇವ್ ಆಗಲು 6-7 ಸೆಕೆಂಡ್. ಡಿಸೈನರ್ ದೊಡ್ಡ ಫೈಲ್ ತೆಗೆದರಂತೂ ಅಕೌಂಟ್ಸ್ ಅಕ್ಕ ಎದ್ದು ಟೀ ಕುಡಿಯಲು ಹೋಗುತ್ತಾರೆ. ಇನ್ನೊಂದು ವಿಚಿತ್ರ: ಡಿಸೈನ್ ಫೈಲ್ ಇರುವ ವಿಎಂಗೆ (ಫೈಲ್ ಸರ್ವರ್) ಕೊಟ್ಟಿದ್ದು 3 ಟಿಬಿ, ನಾಲ್ಕೂ ಡಿಸ್ಕ್ ಸೇರಿದ ಪೂಲ್‌ನಲ್ಲಿ ಹತ್ತಿರ ಹತ್ತಿರ 4.5 ಟಿಬಿ ಹೋಗಿದೆ. ಡಿಸ್ಕ್ ಕೆಟ್ಟಿದೆಯಾ?

ಬೆಣ್ಣೆದೋಸೆ:
32 ಜಿಬಿ ಸಾಲಲ್ಲ. ರೇಡ್‌ಜೆಡ್ ನಡೆಸುವ ಜೆಡ್‌ಎಫ್‌ಎಸ್ ರ್ಯಾಮ್ ತಿನ್ನುತ್ತೆ. 64 ಹಾಕಿ ನೋಡಿ.

ಹಳೇ_ಡಿಸ್ಕು:
ದುಡ್ಡು ಖರ್ಚು ಮಾಡುವ ಮೊದಲು ಒಂದು ನಿಮಿಷ. ಪ್ರಾಕ್ಸ್‌ಮಾಕ್ಸ್ ಸಮ್ಮರಿ ಪುಟದಲ್ಲಿ ಐಒ ಡಿಲೇ (ಡಿಸ್ಕಿಗಾಗಿ ಕಾಯುವ ಹೊತ್ತು) ಎಷ್ಟಿದೆ? ಆ ಫೈಲ್ ಸರ್ವರ್ ಡಿಸ್ಕಿನ ವಾಲ್‌ಬ್ಲಾಕ್‌ಸೈಜ್, ಅಂದರೆ ಡೇಟಾ ಬರೆಯುವ ಒಂದು ತುಂಡಿನ ಅಳತೆ, ಎಷ್ಟು? ಡಿಸ್ಕುಗಳು ಸಿಎಂಆರ್ ತಾನೇ? ಟ್ರ್ಯಾಕ್ ಒಂದರ ಮೇಲೊಂದು ಹೊದಿಸಿ ಬರೆಯುವ ನಿಧಾನದ ಎಸ್‌ಎಂಆರ್ ಆಗಿದ್ದರೆ ಕಥೆಯೇ ಬೇರೆ.

ಪ್ರೆಸ್_ಹುಬ್ಬಳ್ಳಿ:
ಐಒ ಡಿಲೇ 35ರಿಂದ 40 ಪರ್ಸೆಂಟ್. ಸಿಪಿಯು ಮಾತ್ರ 8 ಪರ್ಸೆಂಟ್, ಸುಮ್ನೆ ಕೂತಿದೆ. ಬ್ಲಾಕ್‌ಸೈಜ್ 8ಕೆ. ಮಾಡೆಲ್ ನಂಬರ್ ಹುಡುಕಿ ನೋಡಿದೆ, ಸಿಎಂಆರ್. ಡಿಸ್ಕಿನ ಆರೋಗ್ಯ ತೋರಿಸುವ ಸ್ಮಾರ್ಟ್ ರಿಪೋರ್ಟ್‌ನಲ್ಲಿ ಒಂದು ಎರರ್ ಕೂಡ ಇಲ್ಲ.

ಹಳೇ_ಡಿಸ್ಕು:
ಡಿಸ್ಕು ಗಟ್ಟಿಮುಟ್ಟಾಗಿದೆ. ಜೋಡಿಸಿದ ರೀತಿ ತಪ್ಪಿದೆ.

ಮೊದಲು ಜಾಗದ ಲೆಕ್ಕ. ಡಿಸ್ಕಿನ ಒಂದು ಸೆಕ್ಟರ್ 4ಕೆ (ಕಿಲೋಬೈಟ್). 8ಕೆ ಬ್ಲಾಕ್ ಅಂದರೆ ಡೇಟಾ ಎರಡು ಸೆಕ್ಟರ್, ಡಿಸ್ಕ್ ಕೆಟ್ಟರೆ ಡೇಟಾ ಮರಳಿ ಕಟ್ಟುವ ಪ್ಯಾರಿಟಿ ಒಂದು, ಒಟ್ಟು ಮೂರು. ರೇಡ್‌ಜೆಡ್1ಗೆ ಬೆಸ ಸಂಖ್ಯೆ ಆಗಲ್ಲ, ಅದು ಎರಡರ ಲೆಕ್ಕದಲ್ಲೇ ಜಾಗ ಹಿಡಿಯೋದು. ಹಾಗಾಗಿ ಒಂದು ಖಾಲಿ ಸೆಕ್ಟರ್ ಸೇರಿಸಿ ನಾಲ್ಕು ಮಾಡುತ್ತೆ. 8ಕೆ ಬರೆಯಲು 16ಕೆ ಹೋಯಿತು. ಪೂಲ್ ಮಾತ್ರ ನಾಲ್ಕರಲ್ಲಿ ಮೂರು ಪಾಲು ಡೇಟಾ ಅಂತ ಅಂದುಕೊಂಡು ಅದನ್ನು 12ಕೆ ಅಂತ ತೋರಿಸುತ್ತೆ. ಅಂದರೆ ಒಂದೂವರೆ ಪಟ್ಟು. ನಿಮ್ಮ 3 ಟಿಬಿ 4.5 ಆಗಿದ್ದು ಹೀಗೆ. ಹೊಸ ಪ್ರಾಕ್ಸ್‌ಮಾಕ್ಸ್‌ನಲ್ಲಿ ಈ ಬ್ಲಾಕ್‌ಸೈಜ್ ತಾನಾಗಿಯೇ 16ಕೆ. ನಿಮ್ಮ 7ಕ್ಕೆ 2024ರಲ್ಲೇ ಸಪೋರ್ಟ್ ಮುಗಿದಿದೆ. ಗೆಳೆಯನ ಪೆನ್‌ಡ್ರೈವ್ ಸಾಕು ಮಾಡಿ.

ಇನ್ನು ನಿಧಾನ. ಹಾರ್ಡ್‌ಡಿಸ್ಕ್ ಒಂದು ಸೆಕೆಂಡಿಗೆ ನೂರರ ಆಸುಪಾಸು ಸಣ್ಣ ಕೆಲಸ ಮಾಡುತ್ತೆ, ಅಷ್ಟೇ. ರೇಡ್‌ಜೆಡ್‌ನಲ್ಲಿ ನಾಲ್ಕು ಡಿಸ್ಕ್ ಇದ್ದರೂ ಇಂಥ ಸಣ್ಣ ಕೆಲಸಕ್ಕೆ ಸಿಗೋದು ಹೆಚ್ಚುಕಡಿಮೆ ಒಂದೇ ಡಿಸ್ಕಿನ ವೇಗ. ಮೊದಲು ಮೂರು ಮಷಿನ್‌ಗೆ ಮೂರು ಡಿಸ್ಕ್ ಬೇರೆ ಬೇರೆ ಇತ್ತು. ಈಗ ಮೂರು ಮನೆಗೆ ಒಂದೇ ನಲ್ಲಿ. ಡಿಸೈನರ್ ಕೊಡ ಇಟ್ಟರೆ ಅಕ್ಕ ಕಾಯಲೇಬೇಕು, ಅಲ್ವಾ? ರ್ಯಾಮ್ ಜಾಸ್ತಿ ಮಾಡಿದರೆ ಓದೋದು ಸ್ವಲ್ಪ ಚುರುಕಾಗುತ್ತೆ, ವೋಚರ್ ಬರೆಯೋದು ಹಾಗೇ ಇರುತ್ತೆ.

ನಿಜವಾಗಿ ಎಷ್ಟು ಡೇಟಾ ಇದೆ, ತಿಂಗಳಿಗೆ ಎಷ್ಟು ಏರುತ್ತೆ?

ಪ್ರೆಸ್_ಹುಬ್ಬಳ್ಳಿ:
ಡಿಸೈನ್ 2.1 ಟಿಬಿ. ತಿಂಗಳಿಗೆ ಸರಾಸರಿ 40 ಜಿಬಿ. ಟ್ಯಾಲಿ ಎಲ್ಲಾ ವರ್ಷ ಸೇರಿ 3 ಜಿಬಿ ಕೂಡ ಇಲ್ಲ. ಎಕ್ಸ್‌ಪಿ 60 ಜಿಬಿ. 12 ಟಿಬಿ ಸಿಗುತ್ತೆ ಅಂತ ರೇಡ್‌ಜೆಡ್ ಮಾಡಿದ್ದೆ.

ಹಳೇ_ಡಿಸ್ಕು:
ಅದೇ ನೋಡಿ. ವರ್ಷಕ್ಕೆ ಅರ್ಧ ಟಿಬಿ ಬೆಳೆಯೋರಿಗೆ 12 ಯಾಕೆ? ಎರಡೆರಡು ಡಿಸ್ಕಿನ ಎರಡು ಮಿರರ್ (ಎರಡರಲ್ಲೂ ಅದೇ ಪ್ರತಿ) ಮಾಡಿ, 8 ಟಿಬಿ. 80 ಪರ್ಸೆಂಟ್ ದಾಟಿಸಬಾರದು ಅಂದುಕೊಂಡರೂ 6.4. ಸುಮಾರು 9 ವರ್ಷ ಬರುತ್ತೆ, ಅಷ್ಟರಲ್ಲಿ ಡಿಸ್ಕೇ ಸಾಯುತ್ತೆ.

ಟ್ಯಾಲಿ, ಎಕ್ಸ್‌ಪಿ, ಪ್ರಾಕ್ಸ್‌ಮಾಕ್ಸ್ ಮೂರಕ್ಕೂ ಸೇರಿ 480 ಜಿಬಿಯ ಎರಡು ಎಸ್‌ಎಸ್‌ಡಿ, ಮಿರರ್. ಲ್ಯಾಪ್‌ಟಾಪಿನ ಅಗ್ಗದ ಎಸ್‌ಎಸ್‌ಡಿ ಬೇಡ. ಕರೆಂಟ್ ಹೋದಾಗ ಡೇಟಾ ಕಾಯುವ ಕೆಪಾಸಿಟರ್ ಇರುವ ಸರ್ವರ್ ಎಸ್‌ಎಸ್‌ಡಿ, ಸೆಕೆಂಡ್ ಹ್ಯಾಂಡ್ ಆದರೂ ಸರಿ. ಅಂಥದ್ದು ಸಿಂಕ್ ರೈಟನ್ನು (ಡಿಸ್ಕಿಗೆ ಬಿದ್ದ ಖಾತ್ರಿ ಸಿಗುವವರೆಗೆ ನಿಲ್ಲುವ ಬರಹ) ತಡ ಮಾಡದೆ ಮುಗಿಸುತ್ತೆ, ಟ್ಯಾಲಿಗೆ ಬೇಕಾಗಿರೋದು ಅದೇ. ಬೆಂಗಳೂರಿಗೆ ಯಾರಾದರೂ ಹೋಗುವವರಿದ್ದರೆ ಎಸ್‌ಪಿ ರೋಡಿನಲ್ಲಿ ವಿಚಾರಿಸಿ. ಕೊಳ್ಳುವ ಮೊದಲು ಸ್ಮಾರ್ಟ್ ರಿಪೋರ್ಟ್‌ನಲ್ಲಿ ಎಷ್ಟು ಸವೆದಿದೆ ಅಂತ ನೋಡಬೇಕು. ಅಂಗಡಿಯವರ ಬಾಯಿ ಮಾತು ಲೆಕ್ಕಕ್ಕಿಲ್ಲ.

ರೇಡ್‌ಜೆಡ್ ಇದ್ದಲ್ಲೇ ಮಿರರ್ ಆಗಲ್ಲ, ಒಡೆದೇ ಕಟ್ಟಬೇಕು. 8 ಟಿಬಿ ಎಕ್ಸ್‌ಟರ್ನಲ್ ಡಿಸ್ಕಿಗೆ ಮೂರೂ ವಿಎಂ ಬ್ಯಾಕಪ್ ತೆಗೆಯಿರಿ. ಹಳೆ ಮಷಿನ್ನಿನಲ್ಲಿ ಒಂದನ್ನಾದರೂ ರಿಸ್ಟೋರ್ ಮಾಡಿ, ಆನ್ ಮಾಡಿ, ಕಣ್ಣಾರೆ ನೋಡಿ. ಆಮೇಲೆ ಪೂಲ್ ಅಳಿಸಿ.

ಲೆಕ್ಕಪತ್ರ:
ಒಂದು ಮಾತು. ಮೂರು ಮಷಿನ್ ಇದ್ದಾಗ ಒಂದು ಕೆಟ್ಟರೆ ಎರಡು ಓಡುತ್ತಿದ್ದವು. ಈಗ ಒಂದು ಕೆಟ್ಟರೆ ಇಡೀ ಪ್ರೆಸ್ ಬಂದ್. ಹಳೆ ಮಷಿನ್ ಒಂದನ್ನು ಗುಜರಿಗೆ ಹಾಕಬೇಡಿ. ಪ್ರಾಕ್ಸ್‌ಮಾಕ್ಸ್ ಬ್ಯಾಕಪ್ ಸರ್ವರ್ ಹಾಕಿ ರಾತ್ರಿ ಎರಡು ತಾಸು ಆನ್ ಮಾಡಿದರೆ ಸಾಕು. ಟ್ಯಾಲಿ 3 ಜಿಬಿ ತಾನೇ, ಅದರ ಒಂದು ಪ್ರತಿ ಮನೆಯಲ್ಲೂ ಇರಲಿ. ಜಿಎಸ್‌ಟಿ ದಾಖಲೆ ವಾರ್ಷಿಕ ರಿಟರ್ನ್‌ನ ಕೊನೆ ದಿನದಿಂದ 72 ತಿಂಗಳು ಇಡಬೇಕು. ನಿಮ್ಮದು ಪ್ರೈವೇಟ್ ಲಿಮಿಟೆಡ್ ಆದರೆ ಲೆಕ್ಕದ ಪುಸ್ತಕ 8 ವರ್ಷ.

ಪ್ರೆಸ್_ಹುಬ್ಬಳ್ಳಿ:
ಎರಡು ವಾರ ಆಯಿತು, ಕ್ಷಮಿಸಿ. ಶನಿವಾರ ಸಂಜೆ ಬ್ಯಾಕಪ್ ಹಚ್ಚಿ ಮನೆಗೆ ಹೋದೆ. ಭಾನುವಾರ ಪೂರ್ತಿ ಅದೇ ಕೆಲಸ. ಪ್ರಾಕ್ಸ್‌ಮಾಕ್ಸ್ 8, ಎಸ್‌ಎಸ್‌ಡಿ ಮಿರರ್, ಹಾರ್ಡ್‌ಡಿಸ್ಕ್ ಎರಡು ಮಿರರ್. ರಿಸ್ಟೋರ್ ಪರೀಕ್ಷೆ ಮಾಡಿದ್ದು ಒಳ್ಳೆಯದಾಯಿತು, ಎಕ್ಸ್‌ಪಿಯ ಮೊದಲ ಬ್ಯಾಕಪ್ ಅರ್ಧಕ್ಕೇ ನಿಂತಿತ್ತು!

ಐಒ ಡಿಲೇ ಈಗ 2 ದಾಟಲ್ಲ. ವೋಚರ್ ಎಂಟರ್ ಒತ್ತಿದ ಕೂಡಲೇ ಸೇವ್. 3 ಟಿಬಿ ಈಗ 3 ಟಿಬಿಯೇ. ಅಕ್ಕನ ಟೀ ಮಾತ್ರ ನಿಂತಿಲ್ಲ.

ಬೆಣ್ಣೆದೋಸೆ:
ರ್ಯಾಮ್ ಮಾತು ವಾಪಸ್ ತಗೊಂಡೆ. ಎಕ್ಸ್‌ಪಿ ಹೇಗೆ ವಿಎಂ ಮಾಡಿದ್ರಿ? ನನಗೆ 7ಬಿ ನೀಲಿ ಪರದೆ (ಬೂಟ್ ಡಿಸ್ಕ್ ಸಿಗುತ್ತಿಲ್ಲ ಅನ್ನೋ ಎರರ್) ಬರ್ತಾ ಇದೆ.

ಪ್ರೆಸ್_ಹುಬ್ಬಳ್ಳಿ:
ವಿಎಂಗೆ ಡಿಸ್ಕ್ ಜೋಡಿಸುವ ಬಸ್ ಹೊಸ ವರ್ಟ್‌ಐಒ ಬೇಡ, ಹಳೆ ಐಡಿಇ ಇಡಿ. ಆಗಲೂ ಬರದಿದ್ದರೆ ಹಳೆ ಮಷಿನ್ನಿನಲ್ಲೇ ಐಡಿಇ ಡ್ರೈವರ್ ಸೇರಿಸುವ ಮರ್ಜ್‌ಐಡಿಇ ಓಡಿಸಿ, ಆಮೇಲೆ ಇಮೇಜ್ ತೆಗೆಯಿರಿ. ನೆಟ್‌ವರ್ಕ್ ಕಾರ್ಡು ಕೊಡಲೇಬೇಡಿ. ಡಾಂಗಲ್ ಮಾತ್ರ ಪೋರ್ಟ್ ನಂಬರಿನಿಂದ ಕೊಡದೆ ಡಿವೈಸ್ ಐಡಿಯಿಂದ ಕೊಡಿ. ಮೊನ್ನೆ ನಮ್ಮ ಹುಡುಗ ಮೊಬೈಲ್ ಚಾರ್ಜ್‌ಗೆ ಹಾಕಲು ಡಾಂಗಲ್ ಕಿತ್ತು, ಆಮೇಲೆ ಪಕ್ಕದ ತೂತಿಗೆ ಚುಚ್ಚಿದ್ದ. ಪೇಜ್‌ಮೇಕರ್ ತೆಗೆದರೆ ಫಾಂಟೇ ಇಲ್ಲ. ಈಗ ಡಾಂಗಲ್‌ಗೆ ಸುತ್ತಲೂ ಸೆಲೋಟೇಪ್ ಹಾಕಿದ್ದೇನೆ.